ಸುಂಕದವನ ಮುಂದೆ ಅಮ್ಮನ ಡಬ್ಬಿ

ಅರಸೀಕೆರೆಯಿಂದ ಜರ್ಮನಿಗೆ ಹೊರಟ ಪಾರ್ಸೆಲ್ಲಿನ ಹಣೆಬರಹವನ್ನು ಅರಸೀಕೆರೆಯ ಅಂಚೆ ಕಚೇರಿಯ ಕೌಂಟರಿನಲ್ಲೇ ಬರೆದಾಗಿರುತ್ತದೆ. ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದ ಬಳಿ ಇರುವ ಅಂತರರಾಷ್ಟ್ರೀಯ ಅಂಚೆ ಕೇಂದ್ರದಲ್ಲಿ ಕಸ್ಟಮ್ಸ್‌ನವರು ಅದನ್ನು ಓದುತ್ತಾರೆ, ಅಷ್ಟೆ. ಆದರೂ ಪಾರ್ಸೆಲ್ ಸಿಕ್ಕಿಬಿದ್ದಾಗ ಪರದೇಶದಲ್ಲಿರುವ ನಾವೆಲ್ಲ ಬೈಯುವುದು ಇಲ್ಲಿನ ಅಧಿಕಾರಿಯನ್ನು. ಊರಿನಲ್ಲಿ ಡಬ್ಬಿಗೆ ಅಂಟಿಸುವ ಕಸ್ಟಮ್ಸ್ ಚೀಟಿ ತುಂಬುವಾಗ ಅಪ್ಪ ಅಮ್ಮಂದಿರಿಗೆ ಅದರಲ್ಲಿ ಏನು ಬರೆಯಬೇಕೆಂದು ನಾವು ಹೇಳಿಕೊಟ್ಟಿರುವುದಿಲ್ಲ. ನಾನು ದಕ್ಷಿಣ ಜರ್ಮನಿಯಲ್ಲಿ ಸಂಸಾರ ಹೂಡಿ ಬಹಳ ಕಾಲವಾಯಿತು. ಹೊಸದಾಗಿ ಓದಲು, ಕೆಲಸಕ್ಕೆ ಬಂದ ನಮ್ಮ ಕಡೆಯ ಹುಡುಗ ಹುಡುಗಿಯರ ಜತೆ ಸುಂಕದ ಕಚೇರಿಗೆ ಹೋಗಿ, ಅವರ ಪರವಾಗಿ ಮಾತಾಡಿ, ಈ ವ್ಯವಹಾರದ ಒಳಹೊರಗು ಗೊತ್ತಾಗಿದೆ. ದೀಪಾವಳಿಗೆ ಡಬ್ಬಿ ಕಟ್ಟುವವರಿಗೆ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಆ ಚೀಟಿಯ ವಿಷಯ. ವಿದೇಶಕ್ಕೆ ಹೋಗುವ ಸಣ್ಣ ಪೊಟ್ಟಣಕ್ಕೆ ಸಿಎನ್ 22, ದೊಡ್ಡದಕ್ಕೆ ಸಿಎನ್ 23 ಎಂಬ ನಮೂನೆ ಅಂಟಿಸುತ್ತಾರೆ. ಒಳಗೆ ಏನಿದೆ, ಎಷ್ಟಿದೆ, ತೂಕವೆಷ್ಟು, ಬೆಲೆಯೆಷ್ಟು, ಉಡುಗೊರೆಯೋ ಮಾರಾಟದ ಮಾಲೋ, ಇವಿಷ್ಟನ್ನು ಅದರಲ್ಲಿ ತುಂಬಬೇಕು. ಹಿಂದೆ ಬಿಳಿ ಬಟ್ಟೆಯಲ್ಲಿ ಹೊಲಿದು, ಅರಗಿನ ಮುದ್ರೆ ಒತ್ತಿ, ವಿಳಾಸ ಬರೆದುಕೊಟ್ಟರೆ ಡಬ್ಬಿ ಹೇಗೋ ತಲುಪುತ್ತಿತ್ತು. ಚೀಟಿಯಲ್ಲಿ ಏನಿದೆ ಎಂದು ಕಸ್ಟಮ್ಸ್‌ನವರು ನೋಡುತ್ತಿದ್ದುದು ಡಬ್ಬಿ ಕೈಗೆ ಬಂದ ಮೇಲೆ. 2021ರಿಂದ ಈ ಕ್ರಮ ಬದಲಾಗಿದೆ. ಚೀಟಿಯಲ್ಲಿರುವುದನ್ನು ಕೌಂಟರಿನ ಸಿಬ್ಬಂದಿ ಕಂಪ್ಯೂಟರಿಗೆ ಏರಿಸಬೇಕು, ಆ ಮಾಹಿತಿ ಡಬ್ಬಿಗಿಂತ ಮೊದಲೇ ಐರೋಪ್ಯ ಒಕ್ಕೂಟದ ಕಸ್ಟಮ್ಸ್‌ಗೆ ಮುಟ್ಟಬೇಕು. ಡಬ್ಬಿ ಇನ್ನೂ ಬೆಂಗಳೂರು ಬಿಟ್ಟಿರುವುದಿಲ್ಲ, ಅದರ ಜಾತಕ ಆಗಲೇ ಯುರೋಪಿನಲ್ಲಿರುತ್ತದೆ. ಹಾಗಾಗಿ ಚೀಟಿಯ ಮೇಲಿನ ಒಂದೊಂದು ಪದಕ್ಕೂ ಈಗ ತೂಕ ಜಾಸ್ತಿ.

ನಮ್ಮವರು ಆ ಚೀಟಿಯಲ್ಲಿ ಬರೆಯುವುದೇನು? 'ಫುಡ್ ಐಟಮ್ಸ್.' 'ಪರ್ಸನಲ್ ಥಿಂಗ್ಸ್.' ಎಲ್ಲಕ್ಕಿಂತ ತೊಂದರೆ ಕೊಡುವುದು 'ಪೌಡರ್'. ಅಮ್ಮನ ಮಟ್ಟಿಗೆ ಅದು ಸಾರಿನ ಪುಡಿ, ಚಟ್ನಿಪುಡಿ, ಹುರಿಟ್ಟು. ದಿನಕ್ಕೆ ಸಾವಿರಾರು ಪೊಟ್ಟಣ ನೋಡುವ ಅಧಿಕಾರಿಗೆ ಅದು ಬಿಡಿಸಿ ನೋಡಲೇಬೇಕಾದ ಗುರುತಿಲ್ಲದ ಪುಡಿ. ಅದೇ ಜಾಗದಲ್ಲಿ ಇಂಗ್ಲಿಷಿನಲ್ಲಿ 'ಹೋಮ್‌ಮೇಡ್ ಸ್ಪೈಸ್ ಮಿಕ್ಸ್ ಫಾರ್ ಸೂಪ್, 500 ಗ್ರಾಂ' ಎಂದು ಬರೆದರೆ ಓದುವವರಿಗೆ ಅರ್ಥವಾಗುತ್ತದೆ. ಹಪ್ಪಳಕ್ಕೆ ಹಪ್ಪಳವೆಂದೇ, ಉಪ್ಪಿನಕಾಯಿಗೆ ಉಪ್ಪಿನಕಾಯಿಯೆಂದೇ, ಯಾವುದರಿಂದ ಮಾಡಿದ್ದೆಂದು ಸೇರಿಸಿ ಬೇರೆ ಬೇರೆ ಸಾಲಿನಲ್ಲಿ ಬರೆಯಬೇಕು. ಪ್ರತಿ ಸಾಲಿಗೂ ತೂಕ ಬೇರೆ, ಬೆಲೆ ಬೇರೆ. ಸಾಲು ಸಾಲದಿದ್ದರೆ ಇನ್ನೊಂದು ಹಾಳೆಯಲ್ಲಿ ಪಟ್ಟಿ ಬರೆದು ಒಂದನ್ನು ಡಬ್ಬಿಯ ಒಳಗೂ ಇಡುವುದು ಒಳ್ಳೆಯದು.

ಇನ್ನು ಬೆಲೆ. ಭಾರತದಂಥ ಹೊರದೇಶದಿಂದ ಮನೆಯವರು ಮನೆಯವರಿಗೆ ಕಳಿಸುವ ಉಡುಗೊರೆ 45 ಯೂರೋ ಒಳಗಿದ್ದರೆ ಜರ್ಮನಿಯಲ್ಲಿ ಸುಂಕವೂ ಇಲ್ಲ, ಆಮದು ತೆರಿಗೆಯೂ ಇಲ್ಲ. ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ ನಾಲ್ಕೂವರೆ ಸಾವಿರ ರೂಪಾಯಿ. ಅಂಚೆ ಖರ್ಚು ಇದರಲ್ಲಿ ಸೇರುವುದಿಲ್ಲ. ಉಡುಗೊರೆ ಎನ್ನಬೇಕಾದರೆ ದುಡ್ಡು ಪಡೆಯದೆ ಕಳಿಸಿರಬೇಕು, ಅಪರೂಪಕ್ಕೊಮ್ಮೆ ಕಳಿಸಿದ್ದಾಗಿರಬೇಕು, ಮನೆ ಬಳಕೆಗೆ ಮಾತ್ರ ಇರಬೇಕು. ಹಲವು ಸಾಮಾನಿದ್ದು ಒಟ್ಟು ಬೆಲೆ ಮಿತಿ ದಾಟಿದರೆ, 45 ಯೂರೋ ಒಳಗೆ ಹಿಡಿಸುವಷ್ಟು ಸಾಮಾನಿಗೆ ವಿನಾಯಿತಿ ಸಿಗುತ್ತದೆ, ಮಿಕ್ಕದ್ದಕ್ಕೆ ಕಟ್ಟಬೇಕು. ಒಂದೇ ಸಾಮಾನು, ಅಂದರೆ ಒಂದು ರೇಷ್ಮೆ ಸೀರೆ 45 ಯೂರೋ ಮೀರಿದರೆ, ಆ ಸೀರೆಯನ್ನು ಎರಡು ಪಾಲು ಮಾಡಿ ಲೆಕ್ಕ ಹಾಕುವಂತಿಲ್ಲ, ಪೂರ್ತಿ ಬೆಲೆಗೆ ಕಟ್ಟಬೇಕು. 700 ಯೂರೋ ತನಕದ ಉಡುಗೊರೆಗೆ ಸಾಮಾನ್ಯವಾಗಿ ಒಂದೇ ದರ: ಶೇ 17.5, ಕೆಲವು ದೇಶಗಳ ಸರಕಿಗೆ ಶೇ 15. ಸಾಲು ಸಾಲಾಗಿ ಬೆಲೆ ಬರೆಯಿರಿ ಎಂದದ್ದು ಇದಕ್ಕೇ. ಬಿಡಿಬಿಡಿಯಾಗಿ ಬರೆದಿಲ್ಲದಿದ್ದರೆ ಯಾವುದು ಮಿತಿಯ ಒಳಗೆ, ಯಾವುದು ಹೊರಗೆ ಎಂದು ಲೆಕ್ಕ ಹಾಕಲು ದಾರಿಯೇ ಇರುವುದಿಲ್ಲ.

ಹಾಸನ ಜಿಲ್ಲೆಯ ಒಬ್ಬ ಹುಡುಗ, ಸ್ನಾತಕೋತ್ತರ ಓದಲು ಬಂದವನು, ಚಳಿಗಾಲದ ಆರಂಭದಲ್ಲಿ ಫೋನು ಮಾಡಿ, 'ಅಕ್ಕಾ, ಕಸ್ಟಮ್ಸ್‌ನಿಂದ ಕಾಗದ ಬಂದಿದೆ, ನನಗೆ ಭಾಷೆ ಬರಲ್ಲ, ಬರ್ತೀರಾ?' ಎಂದ. ಹೋದೆವು. ಇಲ್ಲಿನ ಪದ್ಧತಿ ಎಂದರೆ, ಅನುಮಾನವಿದ್ದ ಡಬ್ಬಿಯನ್ನು ನಿಮ್ಮ ಊರಿನ ಹತ್ತಿರದ ಸುಂಕದ ಕಚೇರಿಗೆ ಕಳಿಸುತ್ತಾರೆ, ನೀವು ಹೋಗಿ ಅಧಿಕಾರಿಯ ಎದುರು ನಿಮ್ಮ ಕೈಯಿಂದಲೇ ಬಿಚ್ಚಬೇಕು. ಚೀಟಿಯಲ್ಲಿ ಒಂದೇ ಸಾಲು: ಗಿಫ್ಟ್, ಫುಡ್ ಅಂಡ್ ಪೌಡರ್, 200 ರೂಪಾಯಿ. ಪಕ್ಕದಲ್ಲೇ ಅಂಟಿಸಿದ್ದ ರಸೀದಿಯಲ್ಲಿ ಅಂಚೆ ಖರ್ಚು ಸಾವಿರಗಳ ಲೆಕ್ಕದಲ್ಲಿತ್ತು. ಇನ್ನೂರು ರೂಪಾಯಿ ಮಾಲಿಗೆ ಅಷ್ಟು ಖರ್ಚು ಮಾಡುವವರು ಯಾರು ಎಂದು ಯಾರಿಗಾದರೂ ಅನುಮಾನ ಬರಬೇಕಾದ್ದೇ.

ನಡುವಯಸ್ಸು ದಾಟಿದ ಅಧಿಕಾರಿ ಹೆಂಗಸು ಅವನ ಕೈಗೆ ಚಾಕು ಕೊಟ್ಟರು. ದಪ್ಪ ದಾರದಲ್ಲಿ ಒತ್ತೊತ್ತಾಗಿ ಹೊಲಿದ ಬಟ್ಟೆ, ಅದರ ಕೆಳಗೆ ರಟ್ಟು, ಅದರೊಳಗೆ ಹಳೇ ಪತ್ರಿಕೆ ಸುತ್ತಿದ ಪೊಟ್ಟಣಗಳು. ಉಪ್ಪಿನಕಾಯಿ ಬಾಟಲಿಯನ್ನು ಮೂರು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಪ್ರತಿ ಕವರಿಗೂ ಬೇರೆ ರಬ್ಬರ್ ಬ್ಯಾಂಡ್. ಪುಡಿಗಳ ಮೇಲೆ ಟೇಪು, ಟೇಪಿನ ಮೇಲೆ ಬಾಲ್ ಪೆನ್ನಿನಲ್ಲಿ ಕನ್ನಡ: 'ಸಾರಿನ ಪುಡಿ', 'ಹುಳಿ ಪುಡಿ', 'ಶೇಂಗಾ ಚಟ್ನಿ, ಬೇಗ ತಿನ್ನು'. ಆ ಬರಹ ಏನೆಂದು ಅಧಿಕಾರಿ ಕೇಳಿದರು. ಒಂದೊಂದನ್ನೂ ಓದಿ ಹೇಳಿದೆ. ಅವರು ಒಂದು ಹಾಳೆಯಲ್ಲಿ ಅದನ್ನೆಲ್ಲ ಬರೆದುಕೊಂಡು ಎದುರಿಗೆ ಬೆಲೆ ಹಾಕತೊಡಗಿದರು. ತಳದಲ್ಲಿ ಕಂದು ಬಣ್ಣದ ಸ್ವೆಟರು ಇತ್ತು.

'ಇದರ ಬೆಲೆ?'

'ಅಜ್ಜಿ ಹೆಣೆದದ್ದು' ಎಂದ ಹುಡುಗ. ಅದನ್ನೂ ಹೇಳಿದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದು ಎಂಬ ಗಾದೆ ಕೇಳಿ ಬೆಳೆದವಳು ನಾನು. ಆ ಹೆಂಗಸು ಪೂರ್ತಿ ಕೇಳಿಸಿಕೊಂಡರು. 'ಇಂಥದ್ದೇ ಒಂದು ನಿಮ್ಮೂರಿನ ಅಂಗಡಿಯಲ್ಲಿ ಎಷ್ಟಕ್ಕೆ ಸಿಗುತ್ತದೆ, ಅದನ್ನು ಹೇಳಿ, ಸಾಕು' ಎಂದರು. ಹುಡುಗ ಅಲ್ಲಿಂದಲೇ ಊರಿಗೆ ಫೋನು ಹಚ್ಚಿದ. 'ಏಳೆಂಟುನೂರು ಆಗಬೋದು ಕಣೋ, ಯಾಕೆ?' ಎಂದರು ಅಮ್ಮ. ಕೂಡಿ ನೋಡಿದರೆ ಎಲ್ಲ ಸೇರಿ 45 ಯೂರೋ ಒಳಗೇ ಇತ್ತು. ಒಂದು ಪೈಸೆ ಕಟ್ಟಬೇಕಾಗಿ ಬರಲಿಲ್ಲ. ಮೊದಲೇ ಹಾಗೆ ಬರೆದು, ತುಪ್ಪದ ಬಾಟಲಿಯೊಂದನ್ನು ಬಿಟ್ಟಿದ್ದರೆ ಡಬ್ಬಿ ನೇರ ಅವನ ಕೋಣೆಯ ಬಾಗಿಲಿಗೆ ಬರುತ್ತಿತ್ತು.

ತುಪ್ಪದ ಬಾಟಲಿ ಮಾತ್ರ ಮೇಜಿನ ಆಚೆ ಬದಿಗೆ ಹೋಯಿತು. ಅದಕ್ಕೊಂದು ಕಾಗದ, ಕಾಗದಕ್ಕೆ ಅವನ ಸಹಿ. ಫೋನಿನಲ್ಲಿ ಇನ್ನೂ ಇದ್ದ ಅಮ್ಮ, 'ತುಪ್ಪ ಬಿಸಾಕ್ತಾರಾ? ಮನೆ ಹಸೂದು ಕಣೋ' ಎಂದದ್ದು ನನಗೂ ಕೇಳಿಸಿತು.

ತುಪ್ಪ ಯಾಕೆ ಬರಕೂಡದು ಎಂಬುದನ್ನು ಆ ತಾಯಿಗೆ ಆಮೇಲೆ ವಿವರಿಸಿದೆ, ಇಲ್ಲೂ ಹೇಳಬೇಕು. ಐರೋಪ್ಯ ಒಕ್ಕೂಟದ ಹೊರಗಿನಿಂದ ಖಾಸಗಿಯಾಗಿ ಬರುವ ಮಾಂಸ, ಹಾಲು ಮತ್ತು ಅವುಗಳಿಂದ ಮಾಡಿದ ಪದಾರ್ಥಕ್ಕೆ ಪ್ರವೇಶವಿಲ್ಲ. ಬೆಲೆ, ತೂಕ ಎಷ್ಟೇ ಇರಲಿ. ಕಾರಣ ಕಾಲುಬಾಯಿ ಜ್ವರದಂಥ ದನಗಳ ರೋಗ. ಇದು ಬರೀ ಕಾಗದದ ಭಯವಲ್ಲ. 2025ರ ಜನವರಿಯಲ್ಲಿ ಬರ್ಲಿನ್ ಪಕ್ಕದ ಬ್ರಾಂಡೆನ್‌ಬರ್ಗ್ ರಾಜ್ಯದಲ್ಲಿ ಎಮ್ಮೆಗಳಿಗೆ ಕಾಲುಬಾಯಿ ಜ್ವರ ತಗುಲಿತು. 1988ರ ನಂತರ ಜರ್ಮನಿಯಲ್ಲಿ ಮೊದಲ ಸಲ. ಆ ಹಿಂಡನ್ನು ಕೊಲ್ಲಬೇಕಾಯಿತು, ಹಲವು ದೇಶಗಳು ಜರ್ಮನಿಯ ಹಾಲು ಮಾಂಸ ಕೊಳ್ಳುವುದನ್ನು ನಿಲ್ಲಿಸಿದವು. ದನ ಕಟ್ಟಿದ ಮನೆಯವರಿಗೆ ಇದನ್ನು ಹೇಳಿದರೆ ತಕ್ಷಣ ಅರ್ಥವಾಗುತ್ತದೆ. ಆ ತಾಯಿಗೂ ಆಯಿತು. ಬಿಸ್ಕತ್ತು, ಕೇಕು, ಮಿಠಾಯಿಯಂಥ ತಿಂಡಿಗಳಿಗೆ ಈ ನಿಯಮದಿಂದ ವಿನಾಯಿತಿ ಇದೆ. ಮೈಸೂರು ಪಾಕು ಸಿಹಿತಿಂಡಿಯ ಲೆಕ್ಕದಲ್ಲಿ ದಾಟಿ ಬಂದದ್ದನ್ನು ನೋಡಿದ್ದೇನೆ. ಹಾಲನ್ನೇ ಇಂಗಿಸಿ ಮಾಡುವ ಧಾರವಾಡ ಪೇಢೆಯನ್ನು ಹಾಲಿನ ಪದಾರ್ಥವೆಂದು ಅಧಿಕಾರಿ ಹೇಳಿದರೆ ಎದುರು ವಾದಿಸುವುದು ಕಷ್ಟ. ಪೇಢೆಯನ್ನು ಊರಿಗೆ ಹೋದಾಗ ಅಲ್ಲೇ ತಿಂದು ಬರುವುದು ಮೇಲು.

ಹಸಿ ಸಾಮಾನಿನ ಕಥೆಯೂ ಹೀಗೇ. 2019ರ ಡಿಸೆಂಬರ್‌ನಿಂದ ಹೊರಗಿನ ಹಣ್ಣು, ತರಕಾರಿ, ಎಲೆಗಳಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಬಾಳೆ, ತೆಂಗಿನಕಾಯಿ, ಅನಾನಸ್, ಖರ್ಜೂರ, ಡ್ಯೂರಿಯನ್ ಐದಕ್ಕೆ ಮಾತ್ರ ಬೇಡ. ಡಬ್ಬಿಯ ಸಂದಿಗೆ ತುರುಕಿದ ಒಂದು ಹಿಡಿ ಹಸಿ ಕರಿಬೇವು, ನಾಲ್ಕು ವೀಳ್ಯದೆಲೆ ಇಡೀ ಡಬ್ಬಿಯನ್ನು ನಿಲ್ಲಿಸಬಲ್ಲವು. ಹಣ್ಣಿನ ನೊಣ ಸಿಕ್ಕಿತೆಂದು 2014ರ ಮೇ ತಿಂಗಳಿಂದ ಭಾರತದ ಮಾವನ್ನೇ ಯುರೋಪು ನಿಷೇಧಿಸಿತ್ತು. ಹಾಗಲ, ಪಡವಲ, ಬದನೆಯ ಮೇಲೂ ಆಗ ನಿರ್ಬಂಧ ಬಿತ್ತು. ಮಾವಿನ ನಿಷೇಧ ತೆರವಾದದ್ದು 2015ರ ಆರಂಭದಲ್ಲಿ.

ಕಾಫಿಯ ಬಗ್ಗೆ ಬೇರೆಯಾಗಿ ಹೇಳಬೇಕು. ಚಿಕ್ಕಮಗಳೂರು, ಕೊಡಗಿನ ಕಡೆಯ ಮನೆಗಳಿಂದ ಬರುವ ಡಬ್ಬಿಯಲ್ಲಿ ಕಾಫಿಪುಡಿ ಇಲ್ಲದೆ ಇರುವುದಿಲ್ಲ. ಜರ್ಮನಿಯಲ್ಲಿ ಕಾಫಿಗೆ ಅದರದ್ದೇ ಒಂದು ತೆರಿಗೆ ಇದೆ. ಹುರಿದ ಕಾಫಿಗೆ ಕಿಲೋಗೆ 2.19 ಯೂರೋ, ಇನ್‌ಸ್ಟಂಟ್ ಪುಡಿಗೆ 4.78 ಯೂರೋ. ಇದರ ಹಿಂದೆ ದೊಡ್ಡ ಇತಿಹಾಸವೇ ಇದೆ. ಪ್ರಷ್ಯಾದ ದೊರೆ ಎರಡನೇ ಫ್ರೆಡರಿಕ್ 1781ರಲ್ಲಿ ಕಾಫಿ ಹುರಿಯುವುದನ್ನು ಸರ್ಕಾರದ ಹಕ್ಕಾಗಿ ಮಾಡಿಕೊಂಡು, ಕದ್ದು ಹುರಿಯುವವರನ್ನು ಹಿಡಿಯಲು ಮಾಜಿ ಸೈನಿಕರನ್ನು ನೇಮಿಸಿದ. ಬೀದಿ ಬೀದಿ ತಿರುಗಿ ಯಾರ ಮನೆಯಿಂದ ಘಮ ಬರುತ್ತಿದೆ ಎಂದು ಮೂಸಿ ಹಿಡಿಯುವುದೇ ಅವರ ಕೆಲಸ. ಆ ಮೂಸುವವರು ಹೋದರು, ತೆರಿಗೆ ಉಳಿಯಿತು. ಉಡುಗೊರೆಯ ಡಬ್ಬಿಯಲ್ಲಿ ಅರ್ಧ ಕಿಲೋ ಕಾಫಿಪುಡಿ ತನಕ ವಿನಾಯಿತಿ ಉಂಟು, ಇನ್‌ಸ್ಟಂಟ್ ಆದರೆ 200 ಗ್ರಾಂ, ಚಹಾ ಪುಡಿಗೆ 100 ಗ್ರಾಂ. ಪ್ರೀತಿಯಿಂದ ಎರಡು ಕಿಲೋ ಕಟ್ಟುವ ಬದಲು ಅರ್ಧ ಕಿಲೋ ಕಟ್ಟಿದರೆ ಪುಡಿ ಹಳತಾಗುವುದಿಲ್ಲ, ಡಬ್ಬಿಯೂ ನಿಲ್ಲುವುದಿಲ್ಲ.

ನನಗೆ ತುಂಬ ಸಂಕಟವಾಗುವುದು ಔಷಧಿಯ ವಿಷಯದಲ್ಲಿ. ಇಲ್ಲಿಗೆ ಬಂದವರಲ್ಲಿ ಎಷ್ಟೋ ಜನ ಊರಿನ ಡಾಕ್ಟರು ಬರೆದುಕೊಟ್ಟ ಥೈರಾಯ್ಡ್ ಮಾತ್ರೆ, ಬಿ.ಪಿ. ಮಾತ್ರೆಯನ್ನೇ ಮುಂದುವರಿಸಿರುತ್ತಾರೆ. ಮುಗಿಯುತ್ತಾ ಬಂದಾಗ 'ಅಪ್ಪಾ, ಪೋಸ್ಟಿನಲ್ಲಿ ಹಾಕಿಬಿಡಿ' ಎನ್ನುತ್ತಾರೆ. ಐರೋಪ್ಯ ಒಕ್ಕೂಟದ ಹೊರಗಿನಿಂದ ಅಂಚೆಯಲ್ಲಿ ಔಷಧಿ ತರಿಸಿಕೊಳ್ಳಲು ಜರ್ಮನಿಯಲ್ಲಿ ಖಾಸಗಿಯವರಿಗೆ ಅವಕಾಶವಿಲ್ಲ. ಡಾಕ್ಟರ ಚೀಟಿ ಇಟ್ಟರೂ ಅಷ್ಟೇ, ಆಯುರ್ವೇದದ ಲೇಹ್ಯವಾದರೂ ಅಷ್ಟೇ. ಪ್ರಯಾಣ ಮಾಡುವಾಗ ಸ್ವಂತ ಬಳಕೆಗೆ ಸುಮಾರು ಮೂರು ತಿಂಗಳಿಗಾಗುವಷ್ಟನ್ನು ಜತೆಯಲ್ಲೇ ತರಬಹುದು. ಆ ಮೂರು ತಿಂಗಳೊಳಗೆ ಇಲ್ಲಿನ ಡಾಕ್ಟರ ಹತ್ತಿರ ಹೆಸರು ಬರೆಸಿ, ಅದೇ ಔಷಧಿಯನ್ನು ಇಲ್ಲಿನ ಚೀಟಿಯಲ್ಲಿ ಬರೆಸಿಕೊಳ್ಳಬೇಕು. ತಡೆದ ಡಬ್ಬಿಗಾಗಿ ಕಾಯುತ್ತ ಮಾತ್ರೆ ಬಿಟ್ಟವರನ್ನು ನೋಡಿದ್ದೇನೆ. ಅದು ಆಗಬಾರದು.

ದುಡ್ಡು ಕೊಟ್ಟು ತರಿಸುವ ಮಾಲಿಗೆ 45 ಯೂರೋ ವಿನಾಯಿತಿ ಅನ್ವಯಿಸುವುದಿಲ್ಲ. ಮೊದಲು 22 ಯೂರೋ ತನಕ ತೆರಿಗೆ ಇರಲಿಲ್ಲ, 2021ರ ಜುಲೈ 1ರಿಂದ ಅದೂ ಹೋಯಿತು. ಬೆಂಗಳೂರಿನ ಅಂಗಡಿಯಿಂದ ಕನ್ನಡ ಪುಸ್ತಕ ತರಿಸಿದರೆ ಶೇ 7, ಬಟ್ಟೆ ತರಿಸಿದರೆ ಶೇ 19. ಅಂಚೆ ಖರ್ಚಿನ ಮೇಲೂ ಈ ತೆರಿಗೆ ಬೀಳುತ್ತದೆ, ಜತೆಗೆ ಅಂಚೆಯವರು ತಮ್ಮ ಸೇವಾ ಶುಲ್ಕ ಹಾಕುತ್ತಾರೆ. ಹಾಗಾಗಿ ಪುಸ್ತಕಗಳನ್ನು ಒಂದೊಂದಾಗಿ ತರಿಸುವುದಕ್ಕಿಂತ ಒಟ್ಟಿಗೆ ತರಿಸುವುದು ಲಾಭ. ರಸೀದಿಯ ಪ್ರತಿಯನ್ನು ಡಬ್ಬಿಯ ಹೊರಗೆ ಅಂಟಿಸಲು ಅಂಗಡಿಯವರಿಗೆ ಹೇಳಿ. ಒಳಗಿಟ್ಟ ರಸೀದಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಹೊಸದಾಗಿ ಬಂದವರಲ್ಲಿ ಬಹಳ ಜನಕ್ಕೆ ತಿಳಿಯದ ಒಂದು ಅನುಕೂಲವಿದೆ. ಒಂದು ವರ್ಷಕ್ಕೂ ಹೆಚ್ಚು ಯುರೋಪಿನ ಹೊರಗೆ ವಾಸವಿದ್ದು ಇಲ್ಲಿಗೆ ವಾಸ್ತವ್ಯ ಬದಲಿಸಿದವರು, ಆರು ತಿಂಗಳಾದರೂ ಬಳಸಿದ ತಮ್ಮ ಮನೆ ಸಾಮಾನನ್ನು ಬಂದ ಹನ್ನೆರಡು ತಿಂಗಳೊಳಗೆ ಸುಂಕವಿಲ್ಲದೆ ತರಿಸಿಕೊಳ್ಳಬಹುದು. ಇಡ್ಲಿ ಪಾತ್ರೆ, ಮಿಕ್ಸಿ, ಪುಸ್ತಕದ ರಾಶಿ, ಮಗಳ ವೀಣೆ ಎಲ್ಲಕ್ಕೂ ಇದು ನಡೆಯುತ್ತದೆ. ಪಟ್ಟಿ ಮಾಡಿ ಅರ್ಜಿ ಹಾಕಬೇಕು, ಹಾಗೆ ತಂದದ್ದನ್ನು ಒಂದು ವರ್ಷ ಮಾರಬಾರದು. ಓದಲು ಬಂದವರ ಬಟ್ಟೆಬರೆ, ಓದಿನ ಸಾಮಗ್ರಿಗಳಿಗೂ ವಿನಾಯಿತಿ ಇದೆ. ಮನೆ ಸಾಮಾನಿನ ವಿನಾಯಿತಿ ಮಾತ್ರ ವರ್ಷ ಕಳೆದ ಮೇಲೆ ಕೇಳಿದರೆ ಸಿಗುವುದಿಲ್ಲ.

ದೇಶ ಬದಲಾದರೆ ಲೆಕ್ಕವೂ ಬದಲು. ಅಮೆರಿಕಕ್ಕೆ 800 ಡಾಲರ್ ತನಕದ ಮಾಲು ಸುಂಕವಿಲ್ಲದೆ ಹೋಗುತ್ತಿತ್ತು. ಎಲ್ಲ ದೇಶಗಳಿಗೂ ಆ ಸವಲತ್ತನ್ನು 2025ರ ಆಗಸ್ಟ್ 29ರಿಂದ ನಿಲ್ಲಿಸಲಾಯಿತು. ಸುಂಕವನ್ನು ಯಾರು ವಸೂಲು ಮಾಡಬೇಕು, ಹೇಗೆ ಕಟ್ಟಬೇಕು ಎಂಬುದೇ ಸ್ಪಷ್ಟವಿಲ್ಲದೆ ನಮ್ಮ ಅಂಚೆ ಇಲಾಖೆ ಆಗಸ್ಟ್ 25ರಿಂದ ಅಮೆರಿಕದ ಹೆಚ್ಚಿನ ಪಾರ್ಸೆಲ್‌ಗಳನ್ನು ತೆಗೆದುಕೊಳ್ಳುವುದನ್ನು ತಡೆಹಿಡಿಯಿತು. ಮಾರನೇ ದಿನ ಗೌರಿ ಹಬ್ಬ. ಸೇವೆ ಮತ್ತೆ ಶುರುವಾದದ್ದು ಅಕ್ಟೋಬರ್ 15ಕ್ಕೆ, ನರಕ ಚತುರ್ದಶಿಗೆ ಐದು ದಿನ ಮುಂಚೆ. ಆ ನಡುವೆ ಕ್ಯಾಲಿಫೋರ್ನಿಯ, ನ್ಯೂಜೆರ್ಸಿಯ ಎಷ್ಟು ಕನ್ನಡ ಮನೆಗಳಿಗೆ ಬಾಗಿನ ಬರಲಿಲ್ಲವೋ. ಬ್ರಿಟನ್ನಿನಲ್ಲಿ ಉಡುಗೊರೆಯ ಮಿತಿ 39 ಪೌಂಡ್. ಆಸ್ಟ್ರೇಲಿಯದಲ್ಲಿ ಬೆಲೆಗಿಂತ ಬೀಜ, ಹಾಲು, ಸೊಪ್ಪಿನ ಮೇಲೆ ಕಣ್ಣು.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಕೊಲ್ಲಿ ದೇಶಗಳಿಗೆ ಕಳಿಸುವಾಗ. ಗಸಗಸೆ ನಮ್ಮಲ್ಲಿ ಪಾಯಸಕ್ಕೆ, ಮಸಾಲೆಗೆ ಹಾಕುವ ಸಾಮಾನು. ಜರ್ಮನಿಯ ಬೇಕರಿಗಳಲ್ಲಿ ಗಸಗಸೆ ತುಂಬಿದ ಕೇಕು ಎಲ್ಲೆಲ್ಲೂ ಸಿಗುತ್ತದೆ. ದುಬೈ, ಸೌದಿಯಲ್ಲಿ ಅದೇ ಗಸಗಸೆ ಮಾದಕ ವಸ್ತುವಿನ ಪಟ್ಟಿಯಲ್ಲಿದೆ, ಸಿಕ್ಕರೆ ಜೈಲು. ಸಿಂಗಪುರದಲ್ಲೂ ನಿಷೇಧ. ಮಂಗಳೂರು, ಉಡುಪಿ, ಭಟ್ಕಳದ ಮನೆಗಳಿಂದ ಮಸಾಲೆ ಕಟ್ಟಿ ಕಳಿಸುವವರು ಪುಡಿಯೊಳಗೆ ಅದು ಬೆರೆತಿದೆಯೇ ಎಂದು ನೋಡಲೇಬೇಕು. ಊರಿಂದ ಹೊರಟವರ ಕೈಯಲ್ಲಿ ಕೊಟ್ಟು ಕಳಿಸುವಾಗಲಂತೂ ಇನ್ನೂ ಜಾಗ್ರತೆ, ಸಿಕ್ಕಿಬೀಳುವುದು ಹೊತ್ತು ತಂದ ಅಮಾಯಕರು.

'ಬೆಲೆ ಕಮ್ಮಿ ಬರೆಸಿಬಿಡಿ, ಏನೂ ಆಗಲ್ಲ' ಎಂಬ ಸಲಹೆ ಎಲ್ಲ ಕಡೆ ಓಡಾಡುತ್ತಿರುತ್ತದೆ. ಇದನ್ನು ನಾನು ಒಪ್ಪುವುದಿಲ್ಲ. ಅದು ಕಾನೂನಿಗೆ ವಿರುದ್ಧ. ಮೇಲಾಗಿ ಅದರಿಂದ ನಷ್ಟವೇ ಹೆಚ್ಚು. ನಂಬಲಾಗದ ಬೆಲೆ ಕಂಡರೆ ಡಬ್ಬಿ ನಿಲ್ಲುತ್ತದೆ, ಅಧಿಕಾರಿ ಅಂತರ್ಜಾಲದಲ್ಲಿ ಅದೇ ಸಾಮಾನಿನ ಬೆಲೆ ನೋಡುತ್ತಾರೆ, ಆಮೇಲೆ ನೀವು ಹೇಳಿದ ನಿಜವನ್ನೂ ನಂಬುವುದು ಅವರಿಗೆ ಕಷ್ಟ. ದಾರಿಯಲ್ಲಿ ಡಬ್ಬಿ ಕಳೆದರೆ ಪರಿಹಾರ ಸಿಗುವುದೂ ಬರೆದ ಬೆಲೆಗೇ.

ಕಾಗದ ಬಂದೇಬಿಟ್ಟರೆ ಗಾಬರಿ ಬೇಡ. ಅದರಲ್ಲಿರುವ ಗಡುವನ್ನು ಮೊದಲು ನೋಡಿ, ದಾಟಿದರೆ ಡಬ್ಬಿ ವಾಪಸು ಊರಿಗೆ ಹೋಗುತ್ತದೆ. ಪಾಸ್‌ಪೋರ್ಟು, ಆ ಕಾಗದ, ಕೊಂಡದ್ದಾದರೆ ರಸೀದಿ ಮತ್ತು ದುಡ್ಡು ಕಟ್ಟಿದ ಬ್ಯಾಂಕ್ ದಾಖಲೆ, ಉಡುಗೊರೆಯಾದರೆ ಮನೆಯವರು ಬರೆದ ಸಾಮಾನಿನ ಪಟ್ಟಿ ಒಯ್ಯಿರಿ. ಹಾಕಿದ ತೆರಿಗೆ ತಪ್ಪೆನಿಸಿದರೆ ಮೊದಲು ಕಟ್ಟಿ ಡಬ್ಬಿ ಬಿಡಿಸಿಕೊಂಡು, ಒಂದು ತಿಂಗಳೊಳಗೆ ಬರವಣಿಗೆಯಲ್ಲಿ ಆಕ್ಷೇಪಣೆ ಸಲ್ಲಿಸುವ ಹಕ್ಕು ನಿಮಗಿದೆ. ಪರದೇಶಿಯರಿಗೂ ಇದೆ. ನಮ್ಮವರು ಅದನ್ನು ಬಳಸುವುದೇ ಇಲ್ಲ.

ನಮ್ಮ ಅಂಚೆ ಇಲಾಖೆಗೆ ಒಂದು ಕೋರಿಕೆ. ವಿದೇಶಿ ಪಾರ್ಸೆಲ್ ತೆಗೆದುಕೊಳ್ಳುವ ಕರ್ನಾಟಕದ ಪ್ರತಿ ಕೌಂಟರಿನಲ್ಲಿ, ಯಾವ ದೇಶಕ್ಕೆ ಏನು ಹಾಕಬಾರದು, ಚೀಟಿಯಲ್ಲಿ ಹೇಗೆ ಬರೆಯಬೇಕು ಎಂಬ ಒಂದು ಹಾಳೆ ಕನ್ನಡದಲ್ಲಿರಲಿ. ಚಟ್ನಿಪುಡಿ, ಹಪ್ಪಳ, ಸಂಡಿಗೆ, ಹುಣಸೆ ತೊಕ್ಕು, ಇವಕ್ಕೆ ಇಂಗ್ಲಿಷಿನಲ್ಲಿ ಬರೆಯಬೇಕಾದ ವಿವರ ಅದರಲ್ಲಿ ಅಚ್ಚಾಗಿರಲಿ. ಹೊರದೇಶದ ಕನ್ನಡ ಸಂಘಗಳು ಮನಸ್ಸು ಮಾಡಿದರೆ ತಮ್ಮ ತಮ್ಮ ದೇಶದ ಪಟ್ಟಿಯನ್ನು ಒಂದು ವಾರದಲ್ಲಿ ಬರೆದು ಕಳಿಸಬಹುದು. ಜರ್ಮನಿಯದನ್ನು ಬರೆಯಲು ನಾನು ತಯಾರಿದ್ದೇನೆ.